ಹಾಡಿನ ನಡೆ ತಗ್ಗಿಸುವ ಬಗೆ

ರಾಜ್ಯೋತ್ಸವದ ಹಾಡಿಗೆಂದು ಊರಿನಿಂದ ಬಂದ ವಾದ್ಯದ ಧ್ವನಿಮುದ್ರಣ ಬಲು ಚುರುಕು. ಸಂಘದ ಮಕ್ಕಳಿಗೆ ಉಸಿರು ಸಾಲದು. ಆಡಾಸಿಟಿ ಎಂಬ ಉಚಿತ ತಂತ್ರಾಂಶಕ್ಕೆ ಅದನ್ನು ಇಂಪೋರ್ಟ್ ಮಾಡಿ, ವೇಗವನ್ನು ಶೇಕಡಾ 10 ತಗ್ಗಿಸಿದೆ. ‘ಚೇಂಜ್ ಸ್ಪೀಡ್’ ಒತ್ತಿದ್ದೇ ತಪ್ಪು. ಶ್ರುತಿಯೂ ಸುಮಾರು ಎರಡು ಸ್ವರಸ್ಥಾನ ಇಳಿದು ಮಕ್ಕಳ ದನಿಯೇ ಹೊರಡದಾಯಿತು. ಕೀ ಸಡಿಲಾದ ಗ್ರಾಮಫೋನಿನ ಕಥೆ!

ಒತ್ತಬೇಕಾದುದು ಎಫೆಕ್ಟ್ ಪಟ್ಟಿಯ ‘ಚೇಂಜ್ ಟೆಂಪೊ’. ಅದು ಧ್ವನಿಯನ್ನು ಸಣ್ಣ ತುಣುಕುಗಳಾಗಿಸಿ, ಅಂಚುಗಳನ್ನು ಬೆಸೆದು ಉದ್ದ ಮಾಡುತ್ತದೆ, ಶ್ರುತಿ ಕದಲದು. ನಿಮಿಷಕ್ಕೆ 80 ಪೆಟ್ಟಿನ ನಡೆ 72ಕ್ಕೆ ಬರಬೇಕಾದರೆ −10 ಎಂದು ತುಂಬಿರಿ. ನಾಲ್ಕೂವರೆ ನಿಮಿಷದ ಹಾಡು 5 ನಿಮಿಷವಾಗುತ್ತದೆ. ಅತಿಯಾಗಿ ಎಳೆದರೆ ಮಾತ್ರ ತಬಲದ ಪೆಟ್ಟು ಒಡೆದು ಎರಡಾಗಿ ಕೇಳಿಸೀತು.

ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡೇ ಕೈ ಹಚ್ಚಿರಿ.