ನಾಣ್ಯವನ್ನು ಕೈಯಲ್ಲಿ ಹಿಡಿಯದೆ ಕೊಳ್ಳುವವರು

ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರಿನ ಹಿಂಬದಿಯಲ್ಲಿ, ಹದ್ದಿನ ಕೆಳಗಿನ ಎಲೆಹಾರದ ಬುಡದಲ್ಲಿ, ಒಂದು ಪುಟ್ಟ ಅಕ್ಷರವನ್ನು ಹುಡುಕಬೇಕು. 1893ರ ನಾಣ್ಯದಲ್ಲಿ ಅಲ್ಲಿ ‘ಎಸ್’ ಇದ್ದರೆ ಅದು ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು. ಆ ವರ್ಷ ಅಲ್ಲಿ ಅಚ್ಚಾದ ಡಾಲರುಗಳು ಒಂದು ಲಕ್ಷ ಮಾತ್ರ. ಹಾಗಾಗಿ ಸವೆದು ನುಣುಪಾದ ನಾಣ್ಯಕ್ಕೂ ಸಾವಿರಾರು ಡಾಲರ್ ಬೆಲೆ. ಬೇರೆ ಟಂಕಸಾಲೆಯ ನಾಣ್ಯಕ್ಕೆ ‘ಎಸ್’ ಅಂಟಿಸಿ ಮಾರುವವರು ಹುಟ್ಟಿಕೊಂಡದ್ದೂ ಅದಕ್ಕೇ. ಆನ್‌ಲೈನ್ ಮಾರಾಟದಲ್ಲಿ ಇಂಥ ನಾಣ್ಯದ ಫೋಟೊ ಸರಿಯಾಗಿ ಆ ಅಕ್ಷರದ ಜಾಗದಲ್ಲೇ ಮಸುಕಾಗಿದ್ದರೆ ಜಗಳ ಖಚಿತ. “ಫೋಟೊ ಹಾಕಿದ್ದೆ, ನೋಡಿಯೇ ಕೊಂಡಿರಿ” ಎಂದು ಮಾರಿದವರು ಹೇಳುತ್ತಾರೆ. “ಫೋಟೊದಲ್ಲಿ ಕಂಡದ್ದು ಕೈಗೆ ಬರಲಿಲ್ಲ” ಎಂದು ಕೊಂಡವರು ಹೇಳುತ್ತಾರೆ.

ಈ ತಗಾದೆಗೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ.

ಪ್ಲಾಸ್ಟರ್ ಅಚ್ಚಿನ ಕಾಲ

ದೂರದಲ್ಲಿ ಕೂತು ನಾಣ್ಯ ಕೊಳ್ಳುವ ಅಭ್ಯಾಸ ಇಂಟರ್ನೆಟ್‌ಗಿಂತ ಬಹಳ ಹಳೆಯದು. 19ನೇ ಶತಮಾನದಲ್ಲೇ ಸಂಗ್ರಾಹಕರು ಹರಾಜಿನ ಕ್ಯಾಟಲಾಗ್ ತರಿಸಿಕೊಂಡು ಅಂಚೆಯ ಮೂಲಕ ಬೆಲೆ ತಿಳಿಸುತ್ತಿದ್ದರು. 1869ರಲ್ಲಿ ಎಡ್ವರ್ಡ್ ಕೋಗನ್ ಎಂಬ ವ್ಯಾಪಾರಿ ಮಾರ್ಟಿಮರ್ ಮೆಕೆಂಜಿಯ ಸಂಗ್ರಹವನ್ನು ಹರಾಜು ಹಾಕಿದಾಗ, ಅಮೆರಿಕದ ನಾಣ್ಯ ಹರಾಜಿನ ಕ್ಯಾಟಲಾಗಿನಲ್ಲಿ ಮೊದಲ ಬಾರಿಗೆ ಫೋಟೊ ಪುಟಗಳು ಬಂದವು.

ಹೊಳೆಯುವ ಲೋಹದ ಫೋಟೊ ತೆಗೆಯುವುದು ಆಗ ಸುಲಭವಿರಲಿಲ್ಲ. ಬೆಳಕು ಪ್ರತಿಫಲಿಸಿ ವಿವರಗಳೇ ಅಳಿಸಿಹೋಗುತ್ತಿದ್ದವು. ಹೀಗಾಗಿ ಅನೇಕ ಹರಾಜು ಸಂಸ್ಥೆಗಳು ಪ್ಲಾಸ್ಟರಿನಲ್ಲಿ ನಾಣ್ಯದ ಅಚ್ಚು ತೆಗೆದು, ಆ ಬಿಳಿ ಅಚ್ಚಿನ ಫೋಟೊ ಮುದ್ರಿಸುತ್ತಿದ್ದವು. ಉಬ್ಬು, ತಗ್ಗು, ಸವೆತ ಎಲ್ಲವೂ ಅದರಲ್ಲಿ ಸ್ಪಷ್ಟ. ಬಣ್ಣ ಮತ್ತು ಹೊಳಪು ಮಾತ್ರ ಕಾಣುತ್ತಿರಲಿಲ್ಲ. ಆದರೆ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ಸಮಾನವಾಗಿ ಗೊತ್ತಿತ್ತು. ಇಂದಿನ ಬಣ್ಣದ ಫೋಟೊದಲ್ಲಿ ಕಳೆದುಹೋಗಿರುವುದು ಈ ಸಮಾನ ತಿಳಿವಳಿಕೆ.

ಅಂಕಿ, ಆಮೇಲೆ ಪ್ಲಾಸ್ಟಿಕ್

ಫೋಟೊ ಇಲ್ಲದ ಕಡೆ ಮಾತೇ ಆಧಾರ. ‘ಚೆನ್ನಾಗಿದೆ’, ‘ಬಹಳ ಚೆನ್ನಾಗಿದೆ’ ಎಂಬ ಮಾತುಗಳು ಒಬ್ಬೊಬ್ಬ ವ್ಯಾಪಾರಿಯ ಬಾಯಲ್ಲಿ ಒಂದೊಂದು ಅರ್ಥ ಪಡೆದವು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಕುರಿತ ಪುಸ್ತಕದಲ್ಲಿ ನಾಣ್ಯದ ಸ್ಥಿತಿ ಅಳೆಯಲು 1ರಿಂದ 70ರವರೆಗಿನ ಅಂಕಿಗಳ ಅಳತೆಗೋಲು ಕೊಟ್ಟ. 70 ಅಂಕದ ನಾಣ್ಯ 1 ಅಂಕದ ನಾಣ್ಯಕ್ಕಿಂತ ಎಪ್ಪತ್ತು ಪಟ್ಟು ಬೆಲೆಬಾಳುತ್ತದೆ ಎಂಬುದು ಅವನ ಲೆಕ್ಕ. ಆ ಬೆಲೆಯ ಲೆಕ್ಕ ಬೇಗನೆ ಬಿದ್ದುಹೋಯಿತು, ಅಂಕಿಗಳು ಉಳಿದವು. ವಿಷಾದದ ಸಂಗತಿಯೆಂದರೆ, ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ತೆಗೆದುಕೊಂಡು, ಅವುಗಳ ಜಾಗದಲ್ಲಿ ಕಳಪೆ ನಾಣ್ಯಗಳನ್ನಿಟ್ಟಿದ್ದ. ಅವನು ತೀರಿಕೊಂಡ ಮೇಲೆ ಅದು ಬಯಲಾಗಿ, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು.

1972ರಲ್ಲಿ ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘ ಅಸಲಿ-ನಕಲಿ ಪರೀಕ್ಷೆಗೆಂದು ಎಎನ್‌ಎಸಿಎಸ್ ಎಂಬ ಸೇವೆ ಆರಂಭಿಸಿತು. 1979ರಿಂದ ನಾಣ್ಯದ ಸ್ಥಿತಿ ನೋಡಿ ದರ್ಜೆ, ಅಂದರೆ ಗ್ರೇಡ್, ಕೊಡುವುದೂ ಶುರುವಾಯಿತು. ನಾಣ್ಯದ ಜೊತೆ ಅದರ ಫೋಟೊ ಇರುವ ಪ್ರಮಾಣಪತ್ರ ಬರುತ್ತಿತ್ತು. ಆದರೆ ಪತ್ರ ಬೇರೆ, ನಾಣ್ಯ ಬೇರೆ. ಒಳ್ಳೆಯ ನಾಣ್ಯದ ಪತ್ರವನ್ನು ಕಡಿಮೆ ದರ್ಜೆಯ ನಾಣ್ಯದ ಜೊತೆ ಸೇರಿಸಿ ಮಾರುವುದು ಅಸಾಧ್ಯವೇನಾಗಿರಲಿಲ್ಲ.

ಇದಕ್ಕೆ ಉತ್ತರವಾಗಿ 1986ರಲ್ಲಿ ಪಿಸಿಜಿಎಸ್ ಎಂಬ ಗ್ರೇಡಿಂಗ್ ಸಂಸ್ಥೆ ಕೆಲಸ ಆರಂಭಿಸಿತು. ಹಲವು ತಜ್ಞರು ನೋಡಿ ಗ್ರೇಡ್ ನಿರ್ಧರಿಸಿದ ಮೇಲೆ ನಾಣ್ಯವನ್ನೂ ಚೀಟಿಯನ್ನೂ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಒಟ್ಟಿಗೆ ಮುಚ್ಚಿ ಬೆಸೆಯುವ ಪದ್ಧತಿ ಬಂತು. ಸಂಗ್ರಾಹಕರು ಅದನ್ನು ‘ಸ್ಲ್ಯಾಬ್’ ಎಂದರು. ಮರುವರ್ಷ ಎನ್‌ಜಿಸಿ ಎಂಬ ಇನ್ನೊಂದು ಸಂಸ್ಥೆ ಬಂತು. ನಾಣ್ಯವನ್ನು ನೋಡದೆಯೇ ಫೋನಿನಲ್ಲಿ ವ್ಯಾಪಾರ ಮುಗಿಸುವಷ್ಟು ನಂಬಿಕೆ ಬೆಳೆಯಿತು.

ಬೆಳಕಿನ ಕೈಚಳಕ

1995ರಲ್ಲಿ ಶುರುವಾದ ಆನ್‌ಲೈನ್ ಹರಾಜು ತಾಣ ಈಬೇ, ಪರಿಚಯವೇ ಇಲ್ಲದ ಇಬ್ಬರ ನಡುವೆ ನಾಣ್ಯ ಕೈಬದಲಾಗುವಂತೆ ಮಾಡಿತು. ಮೊದಮೊದಲು ಅನೇಕರು ನಾಣ್ಯವನ್ನು ಸ್ಕ್ಯಾನರಿನ ಮೇಲಿಟ್ಟು ಚಿತ್ರ ತೆಗೆಯುತ್ತಿದ್ದರು. ಒಂದೇ ಕೋನದ ಆ ಬೆಳಕಿನಲ್ಲಿ ಒಳ್ಳೆಯ ನಾಣ್ಯವೂ ಮಂಕಾಗುತ್ತಿತ್ತು, ಉಜ್ಜಿದ ನಾಣ್ಯದ ಗೀರುಗಳು ಅಡಗುತ್ತಿದ್ದವು. ಆಮೇಲೆ ಡಿಜಿಟಲ್ ಕ್ಯಾಮೆರಾ, ಮೊಬೈಲ್ ಬಂದು ಎಲ್ಲರೂ ಛಾಯಾಗ್ರಾಹಕರಾದರು.

ಇಲ್ಲಿ ಲೋಹದ ಗುಣವನ್ನು ಸ್ವಲ್ಪ ತಿಳಿಯಬೇಕು. ಅಚ್ಚಿನ ಒತ್ತಡಕ್ಕೆ ಲೋಹ ಹೊರಮುಖವಾಗಿ ಹರಿದು, ಮೇಲ್ಮೈಯಲ್ಲಿ ಅತಿ ಸೂಕ್ಷ್ಮ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕಿನ ಪಟ್ಟೆಗಳು ಗಾಲಿಯ ಕಡ್ಡಿಗಳಂತೆ ಸುತ್ತುವುದು ಈ ಗೆರೆಗಳಿಂದಲೇ. ಆಮ್ಲದ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿದರೆ ಅವು ಕರಗಿ, ನಾಣ್ಯ ಬೆಳ್ಳಗಿದ್ದರೂ ಜೀವವಿಲ್ಲದಂತಾಗುತ್ತದೆ. ಬಟ್ಟೆಯಿಂದ ಒರೆಸಿದರೂ ಸಾಕು, ಕೂದಲೆಳೆಯಂಥ ಗೀರುಗಳು ಶಾಶ್ವತ. ಇವೆರಡೂ ಬೆಲೆಯನ್ನು ಥಟ್ಟನೆ ಇಳಿಸುವ ದೋಷಗಳು. ಪರೀಕ್ಷಿಸುವ ಕ್ರಮವೇ ನಾಣ್ಯವನ್ನು ತಿರುಗಿಸಿ ನೋಡುವುದು. ನಿಂತ ಚಿತ್ರ ತಿರುಗುವುದಿಲ್ಲ.

ಒಂದು ಬದಿಯಿಂದ ತೀಕ್ಷ್ಣ ಬೆಳಕು ಬಿಟ್ಟರೆ ಗೀರು ಎದ್ದು ಕಾಣುತ್ತದೆ. ಬಿಳಿ ಕಾಗದದ ಹಿಂದಿನಿಂದ ಹರಡಿದ ಬೆಳಕು ಬಿಟ್ಟರೆ ಅದೇ ಗೀರು ಮಾಯ. ಕಾಲಕ್ರಮದಲ್ಲಿ ಬೆಳ್ಳಿಗೆ ಹಿಡಿದ ಮಂದ ನೀಲಿ, ನೇರಳೆ ಛಾಯೆಯನ್ನು ಫೋನಿನಲ್ಲಿ ಒಂದಿಷ್ಟು ಗಾಢಗೊಳಿಸಿದರೆ ಅದು ನವಿಲುಗರಿಯ ಬಣ್ಣವಾಗುತ್ತದೆ. ಮುಂಬದಿಯನ್ನಷ್ಟೇ ತೋರಿಸುವುದು, ಬೇರೆ ಯಾರದೋ ನಾಣ್ಯದ ಚಿತ್ರ ಹಾಕುವುದು ಇನ್ನೂ ಒರಟು ಮೋಸ. ಬೆಳಕಿನ ಆಟ ಇವುಗಳಿಗಿಂತ ಕೆಟ್ಟದ್ದು ಎಂದು ನಾನು ಭಾವಿಸುತ್ತೇನೆ. ಅಲ್ಲಿ ನಾಣ್ಯವೂ ಅದೇ, ಫೋಟೊವೂ ನಿಜ, ಆದರೂ ಕೊಂಡವರು ಮೋಸಹೋಗುತ್ತಾರೆ. ದೂರು ಕೊಟ್ಟರೆ ಸಾಬೀತು ಮಾಡುವುದು ಕಷ್ಟ.

ಸ್ಲ್ಯಾಬ್ ಕೂಡ ಪೂರ್ತಿ ರಕ್ಷಣೆ ಕೊಡಲಿಲ್ಲ. 2008ರ ಹೊತ್ತಿಗೆ ಸ್ಲ್ಯಾಬ್‌ಗಳನ್ನೇ ನಕಲು ಮಾಡಿ, ನಿಜವಾದ ಪ್ರಮಾಣಪತ್ರದ ಸಂಖ್ಯೆಯನ್ನೇ ಅದರ ಮೇಲೆ ಮುದ್ರಿಸುವವರು ಬಂದರು. ಸಂಖ್ಯೆ ಹುಡುಕಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು. ಆಗ ಗ್ರೇಡಿಂಗ್ ಸಂಸ್ಥೆಗಳು ನಾಣ್ಯದ ಫೋಟೊವನ್ನು ಸಂಖ್ಯೆಯ ಜೊತೆಗೇ ಪ್ರಕಟಿಸುವ ಪದ್ಧತಿಗೆ ಒತ್ತುಕೊಟ್ಟವು. ಪ್ರತಿ ನಾಣ್ಯದ ಮೇಲಿನ ಪೆಟ್ಟು, ಕಲೆ ಅದಕ್ಕೇ ವಿಶಿಷ್ಟ. ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ನಕಲು ಸಿಕ್ಕಿಬೀಳುತ್ತದೆ. ಮೋಸಕ್ಕೆ ಬಳಕೆಯಾದ ಫೋಟೊವೇ ಇಲ್ಲಿ ಸಾಕ್ಷಿಯಾಯಿತು.

ನಮ್ಮ ಸಂಗ್ರಾಹಕರಿಗೆ

ಭಾರತದಲ್ಲಿ ಈ ಪಿಡುಗಿನ ರೂಪ ತುಸು ಬೇರೆ. ಮನೆಯಲ್ಲಿರುವ ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಸಿಗುತ್ತದೆಂದು ಚಿತ್ರ ತೋರಿಸಿ, ಕಮಿಷನ್, ತೆರಿಗೆಯ ಹೆಸರಿನಲ್ಲಿ ಮೊದಲೇ ಹಣ ಕೀಳುತ್ತಾರೆ. ತನ್ನ ಹೆಸರನ್ನೂ ಹೀಗೆ ಬಳಸಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಜೊತೆಗೆ, ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯಡಿ ಪುರಾವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ವಿಜಯನಗರದ ವರಾಹವನ್ನೋ ಮೈಸೂರಿನ ತಾಮ್ರದ ಕಾಸನ್ನೋ ಫೋಟೊ ನೋಡಿ ಕೊಳ್ಳುವ ಮೊದಲು ಮಾರುವವರ ಪರವಾನಗಿ ಕೇಳುವುದು ಸಂಕೋಚಪಡುವ ವಿಷಯವಲ್ಲ.

ಮಾರುವವರು ಫೋಟೊವನ್ನು ಜಾಹೀರಾತು ಎಂದು ನೋಡುವುದೇ ಈ ಜಗಳಗಳ ಮೂಲ. ಅದು ಕೊಟ್ಟ ಮಾತು. ಎರಡೂ ಬದಿ, ಅಂಚು, ಬದಿ ಬೆಳಕಿನ ಒಂದು ಚಿತ್ರ ಮತ್ತು ದೋಷವಿರುವ ಜಾಗದ ಹತ್ತಿರದ ನೋಟ, ಇಷ್ಟನ್ನು ಕೊಡುವುದು ಮಾರುವವರ ಕರ್ತವ್ಯ. ನಾಣ್ಯವನ್ನು ನಿಧಾನಕ್ಕೆ ಓರೆ ಮಾಡುವ ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ಅರ್ಧ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಕೊಳ್ಳುವವರು ಹಣ ಕಟ್ಟುವ ದಿನವೇ ಆ ಚಿತ್ರಗಳನ್ನು ಉಳಿಸಿಟ್ಟುಕೊಳ್ಳಬೇಕು, ಪಾರ್ಸೆಲ್ ಬಿಚ್ಚುವುದನ್ನು ಚಿತ್ರೀಕರಿಸಬೇಕು. ಅಂಕಿ, ಪ್ಲಾಸ್ಟಿಕ್, ಫೋಟೊ ಇವು ಒಂದೊಂದೂ ಹಿಂದಿನದರ ಮೋಸವನ್ನು ತಡೆಯಲು ಬಂದು, ತಾವೇ ಮೋಸಕ್ಕೆ ದಾರಿಯಾದವು. ಇಷ್ಟೆಲ್ಲ ಆದ ಮೇಲೂ ಕೊಳ್ಳುವವರ ಕೈ ಹಿಡಿಯುವುದು ನಾಣ್ಯವನ್ನು ಹಿಂತಿರುಗಿಸಿ ಹಣ ಪಡೆಯುವ ಹಕ್ಕು. ಆ ಹಕ್ಕನ್ನು ಮೊದಲೇ ಬರೆದುಕೊಡಲು ಒಪ್ಪದವರ ಫೋಟೊ ಎಷ್ಟೇ ಚೆಂದವಿರಲಿ, ಆ ನಾಣ್ಯ ಬೇಡ.