ಹೆಸರಿಲ್ಲದ ಸರಕಿಗೆ ಗಿರಾಕಿ: ಇಂಡಿ ರಾಕ್ ತಂಡಗಳ ವಹಿವಾಟು

ಹೊಸ ಸರಕನ್ನು ತಯಾರಿಸುವುದು ಒಂದು ಕೆಲಸವಾದರೆ, ಅಂಥದೊಂದು ಸರಕು ಇದೆಯೆಂದು ಗಿರಾಕಿಗೆ ತಿಳಿಸುವುದು ಅದಕ್ಕಿಂತ ಕಷ್ಟದ ಇನ್ನೊಂದು ಕೆಲಸ. ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇದು ಹೊಸದಾಗಿ ಹೇಳಬೇಕಾದ ಮಾತಲ್ಲ. ಜಾಹೀರಾತಿಗೆ ಹಣವಿಲ್ಲ, ದೊಡ್ಡ ಅಂಗಡಿಯ ಕಪಾಟಿನಲ್ಲಿ ಜಾಗವಿಲ್ಲ, ಸರಕು ಚೆನ್ನಾಗಿದ್ದರೂ ಕೇಳುವವರಿಲ್ಲ. ಈ ತೊಡಕನ್ನು ಕಳೆದ ಎರಡು ದಶಕಗಳಲ್ಲಿ ತೀವ್ರವಾಗಿ ಎದುರಿಸಿ, ಕೆಲಮಟ್ಟಿಗೆ ದಾರಿಯನ್ನೂ ಕಂಡುಕೊಂಡ ಒಂದು ವ್ಯವಹಾರವೆಂದರೆ ರಾಕ್ ಸಂಗೀತದ ಸಣ್ಣ ತಂಡಗಳದು.

ವಾಣಿಜ್ಯದ ಪುಟಗಳಲ್ಲಿ ಗಿಟಾರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಾಲ್ವರು ಯುವಕರ ರಾಕ್ ತಂಡವೂ ಒಂದು ಸಣ್ಣ ಉದ್ದಿಮೆಯೇ. ವಾದ್ಯಗಳಿಗೆ ಬಂಡವಾಳ ಬೇಕು, ಅಭ್ಯಾಸದ ಕೋಣೆಗೆ ಬಾಡಿಗೆ ಕಟ್ಟಬೇಕು, ಊರೂರಿಗೆ ತಿರುಗುವ ವ್ಯಾನಿಗೆ ಇಂಧನ ತುಂಬಿಸಬೇಕು, ಮುದ್ರಿಸಿದ ಸಿ.ಡಿ.ಗಳು ಮಾರಾಟವಾಗದಿದ್ದರೆ ದಾಸ್ತಾನು ಮನೆಯಲ್ಲೇ ಉಳಿಯುತ್ತದೆ. ಇಂದು ಜಗತ್ತಿನ ಧ್ವನಿಮುದ್ರಣ ವ್ಯಾಪಾರದ ದೊಡ್ಡ ಪಾಲು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ಸಂಸ್ಥೆಗಳ ಕೈಯಲ್ಲಿದೆ. ಇವುಗಳ ಆಶ್ರಯವಿಲ್ಲದೆ, ತಾವೇ ಆಗಲಿ ಸಣ್ಣ ಕಂಪನಿಯೊಂದರ ಮೂಲಕವಾಗಲಿ ಹಾಡುಗಳನ್ನು ಹೊರತರುವವರನ್ನು ‘ಇಂಡಿ’, ಅಂದರೆ ಸ್ವತಂತ್ರ ತಂಡಗಳೆಂದು ಕರೆಯುವ ವಾಡಿಕೆ ಬೆಳೆಯಿತು. ಇಂಥವರ ಹೆಸರು ಕೇಳುಗನ ಕಿವಿಗೆ ಮೊದಲು ಬೀಳುವುದು ಎಲ್ಲಿ? ಸಂಗೀತೋತ್ಸವದಲ್ಲಿ, ಇಲ್ಲವೇ ಅಂತರ್ಜಾಲದ ಸೇವೆಗಳಲ್ಲಿ. ಈ ಎರಡರ ಲೆಕ್ಕಾಚಾರ ಬೇರೆ ಬೇರೆಯೇ ಆಗಿದ್ದು, ಎರಡನ್ನೂ ಬಿಡಿಸಿ ನೋಡುವುದು ಉಪಯುಕ್ತ.

ಷೆಫೀಲ್ಡಿನ ಬಿಟ್ಟಿ ಮಾದರಿ

ಇಂಗ್ಲೆಂಡಿನ ಷೆಫೀಲ್ಡ್ ಉಕ್ಕಿನ ಪಾತ್ರೆ, ಚೂರಿ, ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿ 2002ರಲ್ಲಿ ನಾಲ್ವರು ಹುಡುಗರು ಸೇರಿ ‘ಆರ್ಕ್‌ಟಿಕ್ ಮಂಕೀಸ್’ ಎಂಬ ತಂಡವನ್ನು ಕಟ್ಟಿದರು. ತಮ್ಮ ಹಾಡುಗಳನ್ನು ಸಿ.ಡಿ.ಗಳಿಗೆ ತುಂಬಿಕೊಂಡು, ಕಾರ್ಯಕ್ರಮಕ್ಕೆ ಬಂದವರಿಗೆ ಬಿಟ್ಟಿಯಾಗಿ ಹಂಚುತ್ತಿದ್ದರು. ಸಿ.ಡಿ.ಗಳ ಸಂಖ್ಯೆ ಕಡಿಮೆಯಿತ್ತು; ಸಿಕ್ಕದವರೇ ಹೆಚ್ಚು. ಸಿಕ್ಕಿದವರು ಅವನ್ನು ಕಂಪ್ಯೂಟರಿಗೆ ಇಳಿಸಿ, ಸಿಕ್ಕದವರಿಗೆ ಅಂತರ್ಜಾಲದ ಮೂಲಕ ಕಳುಹಿಸತೊಡಗಿದರು. ಅಂದು ಜನಪ್ರಿಯವಾಗಿದ್ದ ಮೈಸ್ಪೇಸ್ ತಾಣದಲ್ಲಿ ತಂಡದ ಹೆಸರಿನ ಪುಟವನ್ನು ತೆರೆದವರೂ ಅಭಿಮಾನಿಗಳೇ ಹೊರತು ತಂಡದವರಲ್ಲ.

ಮಾದರಿಯನ್ನು ಬಿಟ್ಟಿ ಹಂಚುವುದು ಸಾಬೂನು, ಚಹಾಪುಡಿ ಕಂಪನಿಗಳಿಗೆ ಹಳೆಯ ರೂಢಿ. ಇಲ್ಲಿನ ವಿಶೇಷವೆಂದರೆ, ಮಾದರಿಯನ್ನು ಪಡೆದವನೇ ಅದನ್ನು ಮತ್ತೆ ತಯಾರಿಸಿ ಹಂಚಿದ. ತಯಾರಕನಿಗೆ ಮುಂದಿನ ಒಂದು ಪ್ರತಿಗೂ ಖರ್ಚು ಬೀಳಲಿಲ್ಲ. 2005ರ ಜೂನ್‌ನಲ್ಲಿ ‘ಡಾಮಿನೋ’ ಎಂಬ ಲಂಡನ್ನಿನ ಸ್ವತಂತ್ರ ಕಂಪನಿಯೊಡನೆ ತಂಡದ ಒಪ್ಪಂದವಾಯಿತು. ಅದೇ ಆಗಸ್ಟಿನ ರೆಡಿಂಗ್ ಮತ್ತು ಲೀಡ್ಸ್ ಉತ್ಸವದಲ್ಲಿ ಹೊಸಬರಿಗೆ ಮೀಸಲಾದ ಚಿಕ್ಕ ವೇದಿಕೆಯನ್ನು ಈ ತಂಡಕ್ಕೆ ಕೊಡಲಾಗಿತ್ತು. ಆ ವೇದಿಕೆ ಹಿಡಿಸಲಾರದಷ್ಟು ಜನ ಅಲ್ಲಿ ಸೇರಿದ್ದರು. ಇನ್ನೂ ಮಾರುಕಟ್ಟೆಗೆ ಬಾರದ ಹಾಡುಗಳನ್ನು ಅವರು ಬಾಯಿಪಾಠವಾಗಿ ಹೇಳುತ್ತಿದ್ದರು. 2006ರ ಜನವರಿಯಲ್ಲಿ ಹೊರಬಂದ ಮೊದಲ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ವಾರವೇ 3,63,735 ಪ್ರತಿ ಮಾರಾಟವಾಯಿತು. ಹೊಸ ತಂಡವೊಂದರ ಚೊಚ್ಚಲ ಆಲ್ಬಂ ಅಷ್ಟು ವೇಗವಾಗಿ ಖರ್ಚಾದುದು ಆ ದೇಶದಲ್ಲಿ ಅದುವರೆಗೆ ಇರಲಿಲ್ಲ.

ಬಿಟ್ಟಿ ಸಿಕ್ಕಿದ ಹಾಡನ್ನು ಮತ್ತೆ ಹಣ ಕೊಟ್ಟು ಕೊಂಡವರಾರು ಎಂಬ ಪ್ರಶ್ನೆ ಸಹಜ. ಬಿಟ್ಟಿ ಮಾದರಿಯ ಜೊತೆಗೆ ಊರೂರಿನ ಕಾರ್ಯಕ್ರಮಗಳು ನಿಲ್ಲದೆ ನಡೆಯುತ್ತಿದ್ದವು ಎಂಬುದೇ ಇದಕ್ಕೆ ಉತ್ತರವಿರಬೇಕು. ಮಾದರಿ ಕೇಳುಗನನ್ನು ವೇದಿಕೆಯ ಬಳಿಗೆ ಕರೆತಂದಿತು, ವೇದಿಕೆ ಅವನನ್ನು ಅಂಗಡಿಗೆ ಕಳುಹಿಸಿತು. ಅಂತರ್ಜಾಲವೇ ಈ ತಂಡವನ್ನು ಬೆಳೆಸಿತೆಂದು ಅಂದಿನ ಪತ್ರಿಕೆಗಳು ಬರೆದುದು ಅರ್ಧ ಮಾತ್ರ ನಿಜ.

ಆಸ್ಟಿನ್ನಿನ ಸಂತೆ

ಉತ್ಸವವನ್ನು ಸಂತೆಯಂತೆಯೇ ವ್ಯವಸ್ಥೆಗೊಳಿಸಿದ ಪ್ರಸಿದ್ಧ ಉದಾಹರಣೆ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ‘ಸೌತ್ ಬೈ ಸೌತ್‌ವೆಸ್ಟ್’. 1987ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ನಡೆದಾಗ ಸುಮಾರು 150 ಜನರನ್ನು ನಿರೀಕ್ಷಿಸಿದ್ದ ಸಂಘಟಕರ ಬಳಿಗೆ 700 ಜನ ಬಂದರು. ಇಲ್ಲಿ ಒಂದೇ ಬೃಹತ್ ವೇದಿಕೆಯ ಬದಲು ನಗರದ ಮದ್ಯದಂಗಡಿಗಳು, ಸಣ್ಣ ಸಭಾಂಗಣಗಳು ಮಳಿಗೆಗಳಾಗುತ್ತವೆ. ಒಂದೊಂದು ತಂಡಕ್ಕೂ ಒಂದು ಗಂಟೆಗೂ ಕಡಿಮೆ ಅವಧಿ. ಧ್ವನಿಮುದ್ರಣ ಕಂಪನಿಯವರು, ಕಾರ್ಯಕ್ರಮ ಏರ್ಪಡಿಸುವ ಏಜೆಂಟರು, ಪತ್ರಕರ್ತರು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತ ಸರಕನ್ನು ಕಿವಿಯಾರೆ ಪರೀಕ್ಷಿಸುತ್ತಾರೆ. ಹಿಡಿಸದಿದ್ದರೆ ಎರಡನೆಯ ಹಾಡಿಗೆ ಎದ್ದು ಹೋಗುತ್ತಾರೆ. ತಂಡಕ್ಕೆ ಇದಕ್ಕಿಂತ ನಿಷ್ಠುರವಾದ, ಇದಕ್ಕಿಂತ ಪ್ರಯೋಜನಕರವಾದ ಪರೀಕ್ಷೆ ಬೇರೊಂದಿರಲಾರದು.

ಆದರೆ ಮಳಿಗೆಯ ಬಾಡಿಗೆಯನ್ನು ಲೆಕ್ಕ ಹಾಕದೆ ವಸ್ತುಪ್ರದರ್ಶನಕ್ಕೆ ಹೋದವರ ಪಾಡು ಓದುಗರಿಗೆ ಗೊತ್ತಿದ್ದದ್ದೇ. ಆಸ್ಟಿನ್ನಿನಲ್ಲಿ ಹಾಡಲು ಅರ್ಜಿ ಹಾಕುವುದಕ್ಕೇ ಶುಲ್ಕವಿತ್ತು. ಆಯ್ಕೆಯಾದ ಅಮೆರಿಕದ ತಂಡಕ್ಕೆ 2023ರವರೆಗೆ ದೊರೆಯುತ್ತಿದ್ದುದು 250 ಡಾಲರ್, ಇಲ್ಲವೇ ಉತ್ಸವದ ಪ್ರವೇಶಪಟ್ಟಿ. ಎರಡರಲ್ಲಿ ಒಂದು ಮಾತ್ರ! ಹೊರದೇಶದ ತಂಡಗಳಿಗೆ ಪ್ರವೇಶಪಟ್ಟಿಯಷ್ಟೇ. ಪ್ರಯಾಣ, ವಸತಿ ಎಲ್ಲವೂ ತಂಡದ ಬಾಬ್ತು. ಸಂಗೀತಗಾರರ ಸಂಘಟನೆಯೊಂದು ಈ ಕುರಿತು ಬಹಿರಂಗವಾಗಿ ಆಕ್ಷೇಪಿಸಿದ ಮೇಲೆ 2024ರ ಉತ್ಸವಕ್ಕೆ ತಂಡದ ಸಂಭಾವನೆಯನ್ನು 350 ಡಾಲರಿಗೆ ಏರಿಸಲಾಯಿತು. ‘ಜನ ನೋಡುತ್ತಾರೆ’ ಎಂಬುದನ್ನೇ ಕೂಲಿಯೆಂದು ಕೊಡುವ ಪದ್ಧತಿ ಈ ವ್ಯಾಪಾರಕ್ಕೆ ಮಾತ್ರ ಸೀಮಿತವಲ್ಲ.

ಭಾರತದಲ್ಲಿ 2010ರಲ್ಲಿ ಪುಣೆಯಲ್ಲಿ ಪ್ರಾರಂಭವಾದ ‘ಎನ್‌ಎಚ್7 ವೀಕೆಂಡರ್’ ಉತ್ಸವವು ದೇಶದ ಸ್ವತಂತ್ರ ತಂಡಗಳಿಗೆ ದೊಡ್ಡ ಸಭೆಯನ್ನು ಒದಗಿಸಿತು. ಕನ್ನಡಿಗರಿಗೆ ಪರಿಚಿತವಾದ ಮೈಸೂರಿನ ರಘು ದೀಕ್ಷಿತ್ ಅವರ ದಾರಿಯೂ ವೇದಿಕೆಯದೇ. ಧ್ವನಿಮುದ್ರಣ ಕಂಪನಿಗಳಿಂದ ವರ್ಷಗಟ್ಟಲೆ ನಿರಾಕರಣೆಯನ್ನು ಕಂಡ ಅವರ ಹಾಡನ್ನು ಮುಂಬಯಿಯ ಒಂದು ಸಣ್ಣ ಕಾರ್ಯಕ್ರಮದಲ್ಲಿ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಕೇಳಿದರು. ಅವರದೇ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಂ ಹೊರಬಂತು. ಅದರಲ್ಲಿ ಶಿಶುನಾಳ ಶರೀಫರ ತತ್ತ್ವಪದವೂ ಇತ್ತು. 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ. ಭಾಷೆ ತಿಳಿಯದವರೂ ನಿಂತು ಕೇಳುತ್ತಾರೆಯೇ ಎಂಬುದನ್ನು ಕಚೇರಿಯಲ್ಲಿ ಕುಳಿತು ನಿರ್ಧರಿಸಲು ಸಾಧ್ಯವಿರಲಿಲ್ಲ.

ದಲ್ಲಾಳಿ ಮತ್ತು ಅಂಗಡಿ

ಅಂತರ್ಜಾಲದ ಸೇವೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ಸ್ವೀಡನ್ನಿನಲ್ಲಿ ಹುಟ್ಟಿ, 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ‘ಸ್ಪಾಟಿಫೈ’ ಮೊದಲ ಬಗೆಯದು. ಇಲ್ಲಿ ಹಾಡಿಗೆ ನಿಗದಿಯಾದ ಬೆಲೆಯೇ ಇಲ್ಲ. ಚಂದಾ ಮತ್ತು ಜಾಹೀರಾತಿನ ಹಣ ಒಂದು ರಾಶಿಗೆ ಬೀಳುತ್ತದೆ. ಯಾರ ಹಾಡು ಎಷ್ಟು ಬಾರಿ ನುಡಿಯಿತೆಂಬ ಪ್ರಮಾಣದಲ್ಲಿ ರಾಶಿಯನ್ನು ಹಂಚಲಾಗುತ್ತದೆ. ಹೊಸ ಹಾಡುಗಳನ್ನು ಪರಿಚಯಿಸಲು 2015ರ ಜುಲೈಯಿಂದ ಪ್ರತಿ ಸೋಮವಾರ ಒಬ್ಬೊಬ್ಬ ಕೇಳುಗನಿಗೂ ಅವನ ಅಭಿರುಚಿಯಂತೆ 30 ಹಾಡುಗಳ ಪಟ್ಟಿಯನ್ನು ಯಂತ್ರವೇ ಸಿದ್ಧಪಡಿಸುವ ಏರ್ಪಾಡು ಬಂತು. ಅದೇ ಹಾಡುಗಳನ್ನು ಕೇಳುವ ಇತರರು ಇನ್ನೇನನ್ನು ಕೇಳುತ್ತಾರೆಂದು ನೋಡಿ, ಇವನು ಕೇಳದಿರುವುದನ್ನು ಆರಿಸಿಕೊಡುವುದು ಅದರ ಮುಖ್ಯ ತಂತ್ರ. ಹಳೆಯ ಜವಳಿ ಅಂಗಡಿಯ ಅನುಭವಿ ಗುಮಾಸ್ತ ಮಾಡುತ್ತಿದ್ದುದೂ ಇದನ್ನೇ. ಆದರೆ ಆತ ಯಾರೂ ಕೊಳ್ಳದ ಒಂದು ಒಳ್ಳೆಯ ಸೀರೆಯನ್ನೂ ಬಿಚ್ಚಿ ತೋರಿಸಬಲ್ಲವನಾಗಿದ್ದ. ಯಾರೂ ಕೇಳದ ಹಾಡಿನ ವಿಷಯದಲ್ಲಿ ಯಂತ್ರಕ್ಕೆ ಲೆಕ್ಕ ಸಿಕ್ಕುವುದಿಲ್ಲ.

ದಲಾಲಿಯ ಪ್ರಶ್ನೆಯೂ ಇದೆ. 2020ರ ನವೆಂಬರಿನಲ್ಲಿ ಪ್ರಕಟವಾದ ಒಂದು ಯೋಜನೆಯಂತೆ, ತನ್ನ ಹಾಡಿಗೆ ಶಿಫಾರಸಿನಲ್ಲಿ ಹೆಚ್ಚು ಅವಕಾಶ ಬೇಕೆನ್ನುವ ತಂಡವು, ಆ ಶಿಫಾರಸಿನಿಂದ ಬರುವ ಆದಾಯದಲ್ಲಿ ಶೇಕಡ 30ರಷ್ಟನ್ನು ಸೇವೆಗೆ ಬಿಟ್ಟುಕೊಡಬೇಕು. ದೊಡ್ಡ ಅಂಗಡಿಯಲ್ಲಿ ಕಣ್ಣಿನ ಎತ್ತರದ ಕಪಾಟಿಗೆ ಹಣ ತೆತ್ತ ತಯಾರಕರಿಗೆ ಇದು ಅಪರಿಚಿತ ವ್ಯವಸ್ಥೆಯಲ್ಲ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಬಾರಿಯೂ ನುಡಿಯದ ಹಾಡಿಗೆ ರಾಯಲ್ಟಿಯೇ ಇಲ್ಲವೆಂಬ ನಿಯಮವೂ ಜಾರಿಗೆ ಬಂದಿದೆ. ತೀರ ಹೊಸಬರಿಗೆ ಬಿದ್ದ ಪೆಟ್ಟು ಇದು.

ಎರಡನೆಯ ಬಗೆಗೆ 2008ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ‘ಬ್ಯಾಂಡ್‌ಕ್ಯಾಂಪ್’ ಉದಾಹರಣೆ. ಇದು ದಲ್ಲಾಳಿಯ ಮಂಡಿಯಲ್ಲ, ಸಾಲುಮಳಿಗೆ. ತಂಡ ತಾನೇ ಬೆಲೆ ನಿಗದಿ ಮಾಡುತ್ತದೆ. ಹಾಡಿನ ಮಾರಾಟದಲ್ಲಿ ಶೇಕಡ 15, ಸಿ.ಡಿ., ಟಿ-ಷರ್ಟ್‌ಗಳಂಥ ವಸ್ತುಗಳಲ್ಲಿ ಶೇಕಡ 10 ಅಂಗಡಿಯ ಮಾಲೀಕರ ಪಾಲು. ಇಲ್ಲಿ ಹೊಸ ತಂಡಗಳನ್ನು ಹುಡುಕುವ ಬಗೆಯೂ ಸ್ವಾರಸ್ಯಕರ. ಊರಿನ ಹೆಸರು, ಸಂಗೀತದ ಪ್ರಕಾರಗಳ ಮೇಲೆ ಹುಡುಕಬಹುದು. ಪ್ರತಿ ಆಲ್ಬಮಿನ ಜೊತೆಗೆ ಅದನ್ನು ಕೊಂಡವರ ಚಿಕ್ಕ ಚಿತ್ರಗಳಿರುತ್ತವೆ; ಒಂದನ್ನು ಒತ್ತಿದರೆ ಆ ಗಿರಾಕಿಯ ಇಡೀ ಸಂಗ್ರಹ ತೆರೆದುಕೊಳ್ಳುತ್ತದೆ. ಹಣ ಕೊಟ್ಟು ಕೊಂಡವನ ಕಪಾಟು ಹೇಳುವ ಸಾಕ್ಷ್ಯಕ್ಕೆ ಯಂತ್ರದ ಶಿಫಾರಸಿಗಿಂತ ಹೆಚ್ಚಿನ ತೂಕವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಗಿರಾಕಿ ಒಪ್ಪಿದರೆ ಅವನ ಮಿಂಚಂಚೆಯ ವಿಳಾಸ ತಂಡಕ್ಕೆ ಸಿಗುತ್ತದೆ. ಸ್ಪಾಟಿಫೈ ಕೇಳುಗರ ಸಂಖ್ಯೆಯನ್ನೂ ಊರನ್ನೂ ತಿಳಿಸೀತು, ವಿಳಾಸವನ್ನು ಕೊಡುವುದಿಲ್ಲ.

ವರ್ಜೀನಿಯಾದ ವಿಲ್ ಟೊಲೆಡೊ ಎಂಬ ಯುವಕ ಮನೆಯಲ್ಲಿ ಏಕಾಂತ ಸಿಗದೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದ. ಆದುದರಿಂದಲೇ ‘ಕಾರ್ ಸೀಟ್ ಹೆಡ್‌ರೆಸ್ಟ್’ ಎಂಬ ಹೆಸರು. 2010ರಿಂದ ಒಂದರ ಮೇಲೊಂದರಂತೆ ಹತ್ತಕ್ಕೂ ಹೆಚ್ಚು ಸಂಗ್ರಹಗಳನ್ನು ಬ್ಯಾಂಡ್‌ಕ್ಯಾಂಪಿನಲ್ಲಿ ಇಟ್ಟ. ಕೇಳುಗರ ಒಂದು ಸಣ್ಣ, ನಿಷ್ಠಾವಂತ ಗುಂಪು ಬೆಳೆದ ಮೇಲೆ 2015ರಲ್ಲಿ ‘ಮ್ಯಾಟಡಾರ್’ ಎಂಬ ಸ್ವತಂತ್ರ ಕಂಪನಿ ಅವನನ್ನು ಸೇರಿಸಿಕೊಂಡಿತು. ಮುಂದಿನ ವರ್ಷ ನಡೆದುದನ್ನು ತಯಾರಕರು ಗಮನಿಸಬೇಕು. ಹೊಸ ಆಲ್ಬಮಿನ ಒಂದು ಹಾಡಿನಲ್ಲಿ ‘ದಿ ಕಾರ್ಸ್’ ತಂಡದ ಹಳೆಯ ಹಾಡಿನ ಅಂಶವಿತ್ತು; ಅದಕ್ಕೆ ಹಕ್ಕುದಾರರ ಒಪ್ಪಿಗೆ ಕೊನೆಗೂ ದೊರೆಯಲಿಲ್ಲ. ಬಿಡುಗಡೆಯ ಹೊಸ್ತಿಲಲ್ಲಿ, ಅಂಗಡಿಗಳಿಗೆ ರವಾನೆಯಾಗಿದ್ದ ಪ್ರತಿಗಳನ್ನು ಹಿಂದಕ್ಕೆ ತರಿಸಿ ನಾಶಪಡಿಸಬೇಕಾಯಿತು. ಅಂತರ್ಜಾಲದ ಪ್ರತಿಯಲ್ಲಿ ಹಾಡನ್ನು ಬದಲಿಸಿದ್ದು ಕಡಿಮೆ ಖರ್ಚಿನ ಕೆಲಸ. ನಷ್ಟವಾದುದು ಅಚ್ಚಾದ ದಾಸ್ತಾನಿನಲ್ಲಿ.

ಬೀದಿಯೇ ಮುಚ್ಚಿದಾಗ

ಷೆಫೀಲ್ಡಿನ ಅಭಿಮಾನಿಗಳು ಪುಟ ತೆರೆದಿದ್ದ ಮೈಸ್ಪೇಸನ್ನು 2005ರಲ್ಲಿ ನ್ಯೂಸ್ ಕಾರ್ಪೊರೇಷನ್ 58 ಕೋಟಿ ಡಾಲರಿಗೆ ಕೊಂಡಿತ್ತು. 2011ರಲ್ಲಿ ಅದು ಕೈ ಬದಲಾಯಿಸಿದಾಗ ಬಂದ ಬೆಲೆ ಸುಮಾರು 3.5 ಕೋಟಿ. ತಾಣ ಕ್ಷೀಣಿಸಿದರೂ ಹಾಡುಗಳು ಅಲ್ಲೇ ಭದ್ರವಾಗಿವೆಯೆಂದು ತಂಡಗಳು ನಂಬಿದ್ದವು. 2019ರ ಮಾರ್ಚ್‌ನಲ್ಲಿ ಸುದ್ದಿ ಹೊರಬಿತ್ತು: ಸರ್ವರ್ ಬದಲಾವಣೆಯ ಗೊಂದಲದಲ್ಲಿ 2003ರಿಂದ 2015ರವರೆಗೆ ಇಟ್ಟಿದ್ದ ಸಂಗೀತವೆಲ್ಲವೂ ಅಳಿಸಿಹೋಗಿತ್ತು. ಹಾಗೆ ಹೋದ ಹಾಡುಗಳು 5 ಕೋಟಿಗೂ ಮೇಲೆಂದು ವರದಿಯಾಯಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಸಣ್ಣ ತಂಡಗಳಿಗೆ ತಮ್ಮ ಕೆಲಸದ ಗುರುತೇ ಉಳಿಯಲಿಲ್ಲ.

ಬ್ಯಾಂಡ್‌ಕ್ಯಾಂಪೂ ಸ್ಥಿರವೇನಲ್ಲ. ಕೋವಿಡ್‌ನಿಂದ ಕಾರ್ಯಕ್ರಮಗಳೆಲ್ಲ ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರದಂದು ಅದು ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಒಂದೇ ದಿನ 43 ಲಕ್ಷ ಡಾಲರಿನ ವ್ಯಾಪಾರವಾಯಿತು. ಅಂಥ ಶುಕ್ರವಾರಗಳು ಮುಂದೆಯೂ ಬಂದವು. ಆದರೆ 2022ರಲ್ಲಿ ಅದನ್ನು ‘ಎಪಿಕ್ ಗೇಮ್ಸ್’ ಕೊಂಡಿತು, 2023ರಲ್ಲಿ ‘ಸಾಂಗ್‌ಟ್ರೇಡರ್’ಗೆ ಮಾರಿತು, ಆ ಕೈಬದಲಿನಲ್ಲಿ ಸಿಬ್ಬಂದಿಯ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಮಳಿಗೆದಾರರನ್ನು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಕಂಡ ತಂಡಗಳಲ್ಲಿ ಒಂದು ಹಳೆಯ ಅಭ್ಯಾಸ ಇನ್ನೂ ಬಿಟ್ಟುಹೋಗಿಲ್ಲ. ಕಾರ್ಯಕ್ರಮ ಮುಗಿದೊಡನೆ ವಾದ್ಯಗಳನ್ನು ಕಟ್ಟುವ ಮೊದಲೇ ತಂಡದವನೊಬ್ಬ ಬಾಗಿಲ ಬಳಿಯ ಮೇಜಿಗೆ ಬರುತ್ತಾನೆ. ಮೇಜಿನ ಮೇಲೆ ಟಿ-ಷರ್ಟುಗಳು, ಒಂದಷ್ಟು ಗ್ರಾಮಫೋನ್ ತಟ್ಟೆಗಳು, ಚಿಲ್ಲರೆಯ ಡಬ್ಬಿ. ಪಕ್ಕದಲ್ಲಿ ದಾರದಿಂದ ಪೆನ್ನು ಕಟ್ಟಿದ ಒಂದು ನೋಟ್‌ಬುಕ್. ಬಂದವರು ತಮ್ಮ ಹೆಸರನ್ನೂ ಮಿಂಚಂಚೆಯ ವಿಳಾಸವನ್ನೂ ಅದರಲ್ಲಿ ಬರೆದು ಹೋಗುತ್ತಾರೆ.