ನೆಲ ನಡುಗಿದ ಊರಲ್ಲಿ ಯೋಗದ ಮೇಡಂ

ಯೋಗ ಕಲಿಯೋಕೆ ಅಂತ ಪರದೇಶದವರು ಮೈಸೂರಿನ ಗೋಕುಲಂಗೆ ಬಂದು ಬಾಡಿಗೆ ಮನೆ ಹಿಡಿಯುವುದು ಹೊಸ ಸುದ್ದಿಯೇನಲ್ಲ. ಆದರೆ ಒಂದು ದೇಶದವರು ಮತ್ತೊಂದು ದೇಶಕ್ಕೆ ಹೋಗಿ, ಅಲ್ಲಿ ಯೋಗಶಾಲೆ ತೆರೆದು, ಕೊನೆಗೆ ಆ ನೆಲವೇ ಗಡಗಡ ನಡುಗಿದರೆ? ಗಂಟುಮೂಟೆ ಕಟ್ಟಬೇಕೋ, ಇರಬೇಕೋ?

ಅಮೆರಿಕದ ಲೇಖಕಿ, ಕವಯಿತ್ರಿ ಲೀಜಾ ಲೊವಿಟ್ಜ್ ಅವರ ಮುಂದೆ ಬಂದದ್ದು ಇದೇ ಪ್ರಶ್ನೆ. ಗಂಡ ಶೋಗೊ ಒಕೆತಾನಿ ಜಪಾನಿನವರು, ಅವರೂ ಲೇಖಕರೇ. 2003ರಲ್ಲಿ ಈಕೆ ಟೋಕಿಯೊದಲ್ಲಿ ‘ಸನ್ ಅಂಡ್ ಮೂನ್’ ಯೋಗಶಾಲೆ ತೆರೆದರು. ಹಠಯೋಗದ ‘ಹ’ ಸೂರ್ಯ, ‘ಠ’ ಚಂದ್ರ ಎಂದು ಬಲ್ಲವರು ಹೇಳುವುದುಂಟು. ಆ ಲೆಕ್ಕಕ್ಕೆ ಹೆಸರು ಒಪ್ಪುವಂಥದೇ.

ಅಲ್ಲಿ ಯೋಗ ಕಲಿಸುವುದು ಸಲೀಸಾಗಿರಲಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊದ ನೆಲದಡಿಯ ರೈಲಿನಲ್ಲಿ ವಿಷಾನಿಲ ಬಿಟ್ಟು ಜನರನ್ನು ಕೊಂದ ‘ಓಂ ಶಿನ್ರಿಕ್ಯೊ’ ಪಂಥ ಹುಟ್ಟಿದ್ದೇ 1984ರ ಒಂದು ಯೋಗದ ಕ್ಲಾಸಿನಿಂದ! ನಮ್ಮ ಓಂಕಾರವನ್ನು ಹೆಸರಿಗೆ ಅಂಟಿಸಿಕೊಂಡು ಮಾಡಿದ ಪಾಪಕ್ಕೆ, ಯೋಗ ಅಂದರೇ ಜಪಾನಿನ ಮಂದಿ ಅನುಮಾನದಿಂದ ನೋಡುವ ಹಾಗಾಯಿತು. ಅಂಥ ಕಡೆ ಚಾಪೆ ಹಾಸಿದ್ದೇ ದೊಡ್ಡ ಧೈರ್ಯ.

ಇನ್ನು 2011ರ ಮಾರ್ಚ್ 11. ಶುಕ್ರವಾರ, ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ತೀವ್ರತೆಯ ಭೂಕಂಪ. ಹಿಂದೆಯೇ ಎದ್ದ ಸುನಾಮಿ ಈಶಾನ್ಯ ಕರಾವಳಿಯ ಊರೂರುಗಳನ್ನೇ ಗುಡಿಸಿಕೊಂಡು ಹೋಯಿತು. ಸತ್ತವರು ಸುಮಾರು 15,900. ಎರಡೂವರೆ ಸಾವಿರದಷ್ಟು ಜನ ಸಿಕ್ಕಲೇ ಇಲ್ಲ. ಮೇಲಿಂದ ಫುಕುಶಿಮಾ ಅಣುಸ್ಥಾವರದ ಗಂಡಾಂತರ ಬೇರೆ.

ಟೋಕಿಯೊ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಅಂದು ರೈಲು ನಿಂತು, ಆಫೀಸಿನವರು ರಾತ್ರಿಯೆಲ್ಲಾ ನಡೆದೇ ಮನೆ ಸೇರಿದರು. ಮಾರ್ಚ್ 23ರಂದು, ನಲ್ಲಿ ನೀರಿನಲ್ಲಿ ವಿಕಿರಣಶೀಲ ಅಯೋಡಿನ್ ಇದೆ, ಹಸುಗೂಸಿಗೆ ಕುಡಿಸಬೇಡಿ ಎಂದು ಸರ್ಕಾರವೇ ಹೇಳಿತು. ಅಂಗಡಿಗಳಲ್ಲಿ ನೀರಿನ ಬಾಟಲಿ ಮಂಗಮಾಯ! ಕೆಲವು ರಾಯಭಾರ ಕಚೇರಿಗಳು ತಮ್ಮವರಿಗೆ ‘ಹೊರಡಿ’ ಎಂದವು. ಅಮೆರಿಕ ತನ್ನ ನೌಕರರ ಹೆಂಡತಿ ಮಕ್ಕಳಿಗೆ ಹೋಗಲು ಅನುಮತಿ ಕೊಟ್ಟಿತು. ವಿಮಾನ ನಿಲ್ದಾಣಗಳಲ್ಲಿ ನೂಕುನುಗ್ಗಲು.

ಜಪಾನಿನಲ್ಲಿ ವಿದೇಶೀಯರಿಗೆ ‘ಗೈಜಿನ್’ ಅನ್ನುತ್ತಾರೆ. ಹಾರಿ ಹೋದವರಿಗೆ ಹೊಸ ಅಡ್ಡಹೆಸರು ಬಿತ್ತು: ‘ಫ್ಲೈಜಿನ್’. ಚುಚ್ಚು ಮಾತು. ಹೋದವರನ್ನು ಹಳಿಯೋದು ಸುಲಭ ಸ್ವಾಮಿ. ಕಂಕುಳಲ್ಲಿ ಕೂಸು ಇಟ್ಟುಕೊಂಡವರಿಗೆ ಗೊತ್ತು ಕಷ್ಟ. ಆದರೆ ಎದುರಿಗೆ ಕೂತ ಶಿಷ್ಯರಲ್ಲಿ ಅನೇಕರಿಗೆ ಹೋಗಲು ಬೇರೆ ದೇಶವೇ ಇಲ್ಲದಿದ್ದಾಗ ಮೇಷ್ಟ್ರ ಫಜೀತಿಯೇ ಬೇರೆ.

ತಿಂಗಳುಗಟ್ಟಲೆ ಮರುಕಂಪನ. ನೆಲ ಅಲುಗದಿದ್ದರೂ ಅಲುಗಿದ ಹಾಗೆ ತಲೆಸುತ್ತು ಬರುವುದಕ್ಕೆ ಅಲ್ಲಿನವರು ‘ಜಿಶಿನ್ ಯೋಯಿ’ ಎಂದರು, ಅಂದರೆ ಭೂಕಂಪದ ಅಮಲು. ಇಂಥ ಮಂದಿಗೆ ಒಂಟಿ ಕಾಲಲ್ಲಿ ನಿಂತು ವೃಕ್ಷಾಸನ ಮಾಡಿ ಅಂದರೆ ಹೇಗಿರಬೇಡ! ಅಲ್ಲಿ ಆಸನಕ್ಕಿಂತ ಮೊದಲು ಬೇಕಾದದ್ದು ನೆಟ್ಟಗೆ ಉಸಿರಾಡುವುದು.

ಈ ದಂಪತಿಗೆ ಜಪಾನಿನಲ್ಲೇ ದತ್ತು ಪಡೆದ ಮಗನಿದ್ದ. ಆ ಕತೆಯನ್ನು ಲೀಜಾ 2015ರ ಆತ್ಮಕಥನದಲ್ಲಿ ಬರೆದರು. ದುರಂತದ ನಂತರವೂ ಟೋಕಿಯೊವೇ ಅವರ ಊರಾಗಿ ಉಳಿಯಿತು. ಸುನಾಮಿಯ ಕಾದಂಬರಿ ‘ಅಪ್ ಫ್ರಮ್ ದ ಸೀ’ ಹೊರಬಂದದ್ದು 2016ರಲ್ಲಿ, ಐದು ವರ್ಷದ ಮೇಲೆ. ಪರರ ಸಂಕಟವನ್ನು ಬಿಸಿ ಬಿಸಿಯಾಗಿ ಮಾರುವ ಆತುರ ಅದರಲ್ಲಿಲ್ಲ.

ಪೂರ್ತಿ ಪದ್ಯದಲ್ಲೇ ಇರುವ ಈ ಕಾದಂಬರಿಯ ನಾಯಕ ಕಾಯ್. ತಾಯಿ ಜಪಾನಿನವಳು, ಅಪ್ಪ ಅಮೆರಿಕದವನು, ಬಿಟ್ಟು ಹೋದವನು. ಊರನ್ನು ಸಮುದ್ರ ನುಂಗಿದ ಮೇಲೆ, 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನೊಂದವರನ್ನು ಕಾಣಲು ಹುಡುಗ ನ್ಯೂಯಾರ್ಕಿಗೆ ಹೋಗುತ್ತಾನೆ. ಅಪ್ಪನನ್ನು ಹುಡುಕುವ ಆಸೆಯೂ ಉಂಟು. ಅಲ್ಲೇ ಉಳಿಯಬಹುದಿತ್ತು. ಆದರೆ ಪಾಳುಬಿದ್ದ ತನ್ನೂರನ್ನು ಕಟ್ಟಬೇಕು ಅಂತ ಅವನು ವಾಪಸು ಹೊರಡುತ್ತಾನೆ.